ಟಾನ್ಸಿಲ್ ಆಪರೇಷನ್ ಆದ ಮೇಲಿನ 14 ದಿನ: ಮನೆಯಲ್ಲಿ ಮಗುವಿನ ಆರೈಕೆ

(ಬೆಂಗಳೂರಿನಲ್ಲಿ ಪೋಷಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಪ್ರಶ್ನೆಗಳನ್ನು ಆಯಾ ಜಾಗದಲ್ಲೇ ಸೇರಿಸಿಕೊಂಡಿದೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಬಂದಿರುವ ಹೆಚ್ಚಿನವರಿಗೆ ಆಪರೇಷನ್ ದಿನ ಗೊತ್ತುಮಾಡಿ ಆಗಿದೆ. ಹಾಗಾಗಿ ಟಾನ್ಸಿಲ್ ತೆಗೆಸಬೇಕೋ ಬೇಡವೋ ಅನ್ನುವ ಚರ್ಚೆ ಇವತ್ತು ಬೇಡ. ಆಪರೇಷನ್ ಥಿಯೇಟರಿನಲ್ಲಿ ನಡೆಯುವ ಕೆಲಸ ಅರ್ಧ ಮುಕ್ಕಾಲು ಗಂಟೆಯದು. ಉಳಿದ ಎರಡು ವಾರದ ಕೆಲಸ ನಿಮ್ಮ ಮನೆಯಲ್ಲಿ, ನಿಮ್ಮ ಕೈಯಲ್ಲಿ ನಡೆಯುತ್ತದೆ. ಅದರ ಬಗ್ಗೆ ಡಿಸ್ಚಾರ್ಜ್ ಹೊತ್ತಿನಲ್ಲಿ ಹೇಳುವುದು ಐದು ನಿಮಿಷ. ಬಿಲ್ ಕಟ್ಟುವ ಗಡಿಬಿಡಿಯಲ್ಲಿ ಅದೂ ಅರ್ಧ ಕಿವಿಗೆ ಬೀಳುತ್ತದೆ.

ಮೊದಲೇ ಒಂದು ಮಾತು. ಬೆಂಗಳೂರಿನಲ್ಲಿ ಮಕ್ಕಳ ಟಾನ್ಸಿಲ್ ಆಪರೇಷನ್ ಹೆಚ್ಚಾಗಿ ದಸರಾ ರಜೆಗೋ ಬೇಸಿಗೆ ರಜೆಗೋ ಬೀಳುತ್ತದೆ. ಸ್ಕೂಲ್ ತಪ್ಪುವುದಿಲ್ಲ ಅನ್ನುವ ಲೆಕ್ಕ ಸರಿಯೇ. ಆದರೆ ಅದರ ಜೊತೆಗೇ ಇನ್ನೊಂದು ಲೆಕ್ಕವೂ ಇರುತ್ತದೆ: "ಐದಾರು ದಿನ ಇಲ್ಲಿದ್ದು, ಆಮೇಲೆ ಊರಿಗೆ ಹೋಗೋಣ, ಅಜ್ಜಿ ಮನೇಲಿ ಸುಧಾರಿಸಿಕೊಳ್ಳಲಿ." ಈ ಎರಡನೇ ಲೆಕ್ಕ ತಪ್ಪು. ಐದನೇ ದಿನದಿಂದ ಹತ್ತನೇ ದಿನದವರೆಗಿನ ಅವಧಿಯೇ ರಕ್ತ ಬರುವ ಸಾಧ್ಯತೆ ಹೆಚ್ಚಿರುವ ಸಮಯ. ಆ ದಿನಗಳಲ್ಲಿ ಮಗು ಹತ್ತಿರದ ಇಎನ್‌ಟಿ ಆಸ್ಪತ್ರೆಯಿಂದ ಮೂರು ಗಂಟೆ ದೂರದ ಹಳ್ಳಿಯಲ್ಲಿ ಇರಬಾರದು. ಪೂರ್ತಿ 14 ದಿನ ಕಳೆದ ಮೇಲೆ ಊರು, ಜಾತ್ರೆ, ಮದುವೆ ಎಲ್ಲ ಇಟ್ಟುಕೊಳ್ಳಿ.

ಯಾಕೆ ಐದನೇ ದಿನ ಅನ್ನುವುದಕ್ಕೆ ಗಾಯ ಹೇಗೆ ಮಾಯುತ್ತದೆ ಅಂತ ತಿಳಿದಿರಬೇಕು. ಟಾನ್ಸಿಲ್ ತೆಗೆದ ಜಾಗಕ್ಕೆ ಹೊಲಿಗೆ ಹಾಕಿ ಮುಚ್ಚುವುದಿಲ್ಲ. ಗಂಟಲಿನ ಎರಡೂ ಬದಿಯಲ್ಲಿ ತೆರೆದ ಗಾಯ ಹಾಗೇ ಇರುತ್ತದೆ. ಮೊದಲ ಒಂದೆರಡು ದಿನದಲ್ಲಿ ಅದರ ಮೇಲೆ ಬೆಳ್ಳಗಿನ ಪದರ ಕಟ್ಟುತ್ತದೆ. ನಾಲ್ಕೈದನೇ ದಿನಕ್ಕೆ ದಪ್ಪಗಾಗಿ, ಹಳದಿ ಮಿಶ್ರಿತ ಬೂದು ಬಣ್ಣಕ್ಕೆ ತಿರುಗುತ್ತದೆ, ಬಾಯಿ ವಾಸನೆ ಬರುತ್ತದೆ. ಮೊಬೈಲ್ ಟಾರ್ಚ್ ಹಾಕಿ ನೋಡಿದ ಅಪ್ಪ ಅಮ್ಮ ಇಲ್ಲಿಯೇ ಹೆದರುವುದು: "ಡಾಕ್ಟ್ರೇ, ಕೀವು ತುಂಬಿದೆ." ಅದು ಕೀವಲ್ಲ. ಮೊಣಕಾಲು ತರಚಿದರೆ ಕಟ್ಟುವ ಹಕ್ಕಳೆಯೇ ಇಲ್ಲಿಯೂ ಕಟ್ಟಿದೆ. ಎಂಜಲಿನಲ್ಲಿ ಸದಾ ನೆನೆಯುವುದರಿಂದ ಕಪ್ಪಾಗಿ ಒಣಗದೆ ಬೆಳ್ಳಗೆ ಮೆತ್ತಗೆ ಉಳಿದಿದೆ, ಅಷ್ಟೇ. ಐದರಿಂದ ಹತ್ತನೇ ದಿನದೊಳಗೆ ಅದು ಚೂರುಚೂರಾಗಿ ಕಳಚುತ್ತದೆ. ಕಳಚುವ ಹೊತ್ತಿನಲ್ಲಿ ಅಡಿಯ ಸಣ್ಣ ರಕ್ತನಾಳ ಬಾಯಿ ತೆರೆದುಕೊಂಡರೆ ರಕ್ತ ಬರುತ್ತದೆ. ಅಂಚಿನಿಂದ ಹೊಸ ಚರ್ಮ ಬೆಳೆದು ಗಾಯ ಮುಚ್ಚಲು ಸುಮಾರು ಎರಡು ವಾರ ಬೇಕು. ಅದನ್ನು ಬಟ್ಟೆ ಸುತ್ತಿದ ಬೆರಳಿನಿಂದ ಒರೆಸುವುದು, ಅರಿಶಿನ ಹಚ್ಚುವುದು, ಬ್ರಷ್ ತಾಗಿಸುವುದು, ಗಳಗಳ ಅಂತ ಉಪ್ಪುನೀರು ಮುಕ್ಕಳಿಸಿಸುವುದು ಯಾವುದೂ ಬೇಡ. ಹಲ್ಲನ್ನು ಮಾತ್ರ ಎಂದಿನಂತೆ ಮೆಲ್ಲಗೆ ಉಜ್ಜಿಸಿ.

ಈ ಬಿಳಿ ಪದರಕ್ಕೆ ಆ್ಯಂಟಿಬಯೋಟಿಕ್ ಬೇಕಾಗಿಲ್ಲ. ಅಮೆರಿಕದ ಇಎನ್‌ಟಿ ಅಕಾಡೆಮಿ 2019ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿ, ಮಕ್ಕಳ ಟಾನ್ಸಿಲ್ ಆಪರೇಷನ್ನಿಗೆ ವಾಡಿಕೆಯಂತೆ ಆ್ಯಂಟಿಬಯೋಟಿಕ್ ಕೊಡಬೇಡಿ ಎಂದೇ ಹೇಳುತ್ತದೆ. ಅದರಿಂದ ನೋವೂ ಕಡಿಮೆಯಾಗುವುದಿಲ್ಲ, ರಕ್ತಸ್ರಾವವೂ ತಪ್ಪುವುದಿಲ್ಲ. ನಿಮ್ಮ ಚೀಟಿಯಲ್ಲಿ ಬರೆದಿದ್ದರೆ ಯಾಕೆ ಅಂತ ಕೇಳಿ; ಹೃದಯದ ತೊಂದರೆಯಂಥ ಬೇರೆ ಕಾರಣ ಇರಬಹುದು.

ಇನ್ನು ನೋವು. ಇದೇ ಇವತ್ತಿನ ಮುಖ್ಯ ವಿಷಯ. ಮೊದಲ ದಿನ ಥಿಯೇಟರಿನಲ್ಲಿ ಕೊಟ್ಟ ಔಷಧಿಯ ಪ್ರಭಾವ ಇರುತ್ತದೆ, ಮಗು ಐಸ್‌ಕ್ರೀಮ್ ತಿಂದು ಆಟವಾಡುತ್ತದೆ. "ನಮ್ಮ ಮಗು ಗಟ್ಟಿ" ಅಂತ ಮನೆಯವರು ಔಷಧಿ ನಿಲ್ಲಿಸುತ್ತಾರೆ. ಮೂರನೇ ದಿನದಿಂದ ಐದನೇ ದಿನದವರೆಗೆ ನೋವು ಏರುತ್ತದೆ. ಹಕ್ಕಳೆ ಕಳಚುವಾಗ, ಆರೇಳನೇ ದಿನದ ಆಸುಪಾಸು, ಕೆಲವು ಮಕ್ಕಳಿಗೆ ಮತ್ತೊಮ್ಮೆ ಏರುತ್ತದೆ. ನೋವಾದರೆ ಮಗು ನುಂಗುವುದಿಲ್ಲ. ನುಂಗದಿದ್ದರೆ ಗಂಟಲು ಒಣಗುತ್ತದೆ. ಒಣಗಿದರೆ ನೋವು ಇನ್ನಷ್ಟು. ಆಸ್ಪತ್ರೆಗೆ ವಾಪಸ್ ಬಂದು ಡ್ರಿಪ್ ಹಾಕಿಸಿಕೊಳ್ಳುವ ಮಕ್ಕಳ ಕಥೆ ಸಾಮಾನ್ಯವಾಗಿ ಇದೇ. ಆದ್ದರಿಂದ ಮೊದಲ ಐದಾರು ದಿನ ಔಷಧಿಯನ್ನು ಮಗು ಅತ್ತಾಗ ಕೊಡಬೇಡಿ, ಗಡಿಯಾರ ನೋಡಿಕೊಂಡು ಕೊಡಿ.

ಎಷ್ಟು ಕೊಡಬೇಕು? ವಯಸ್ಸಿಗಲ್ಲ, ತೂಕಕ್ಕೆ. ಪ್ಯಾರಸಿಟಮಾಲ್ ಒಂದು ಸಲಕ್ಕೆ ಕೆಜಿಗೆ 15 ಮಿ.ಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ. ಐಬುಪ್ರೊಫೆನ್ ಕೆಜಿಗೆ 10 ಮಿ.ಗ್ರಾಂ, ಎಂಟು ಗಂಟೆಗೊಮ್ಮೆ. 16 ಕೆಜಿ ಮಗುವಿನ ಲೆಕ್ಕ ಮಾಡೋಣ. ಪ್ಯಾರಸಿಟಮಾಲ್ 240 ಮಿ.ಗ್ರಾಂ ಬೇಕು. ಇಲ್ಲಿಯೇ ಎಡವಟ್ಟಾಗುವುದು. ಮೆಡಿಕಲ್ ಶಾಪಿನಲ್ಲಿ ಸಿಗುವ ಸಿರಪ್ ಒಂದೇ ಗಟ್ಟಿತನದ್ದಲ್ಲ: ಒಂದು ಬಾಟಲಿಯಲ್ಲಿ 5 ಎಂಎಲ್‌ಗೆ 120 ಮಿ.ಗ್ರಾಂ, ಇನ್ನೊಂದರಲ್ಲಿ 5 ಎಂಎಲ್‌ಗೆ 250 ಮಿ.ಗ್ರಾಂ, ಹಸುಗೂಸಿನ ಡ್ರಾಪ್ಸಿನಲ್ಲಿ 1 ಎಂಎಲ್‌ಗೇ 100 ಮಿ.ಗ್ರಾಂ. ಅದೇ 240 ಮಿ.ಗ್ರಾಂಗೆ ಮೊದಲನೆಯದು 10 ಎಂಎಲ್ ಬೇಕು, ಎರಡನೆಯದು 4.8 ಎಂಎಲ್ ಸಾಕು, ಡ್ರಾಪ್ಸ್ 2.4 ಎಂಎಲ್. "ಯಾವಾಗಲೂ ಐದು ಎಂಎಲ್ ಕೊಡ್ತೀವಿ" ಅಂದವರ ಮಗುವಿಗೆ ತೆಳು ಸಿರಪ್ಪಿನಲ್ಲಿ ಅರ್ಧ ಡೋಸ್ ಮಾತ್ರ ಹೋಗಿರುತ್ತದೆ, ರಾತ್ರಿಯಿಡೀ ಅಳುತ್ತದೆ. ಹೊಸ ಬಾಟಲಿ ಗಟ್ಟಿ ಸಿರಪ್ಪಿನದು ಬಂದಾಗ ಹಳೇ 10 ಎಂಎಲ್ ಲೆಕ್ಕವನ್ನೇ ಹಿಡಿದರೆ ಎರಡರಷ್ಟು ಹೋಗುತ್ತದೆ. ದಿನಗಟ್ಟಲೆ ಹಾಗಾದರೆ ಲಿವರ್‌ಗೆ ಪೆಟ್ಟು. ಬಾಟಲಿ ಕೈಗೆ ಬಂದ ತಕ್ಷಣ ಲೇಬಲ್ಲಿನಲ್ಲಿ "ಪ್ರತಿ 5 ಎಂಎಲ್‌ಗೆ" ಅನ್ನುವ ಸಾಲು ಓದಿ, ನಿಮ್ಮ ಮಗುವಿನ ಡೋಸನ್ನು ಮಾರ್ಕರ್‌ನಿಂದ ಬಾಟಲಿಯ ಮೇಲೆಯೇ ಬರೆಯಿರಿ. ಅಳೆಯಲು ಅಡುಗೆಮನೆ ಚಮಚ ಬೇಡ, ಸೂಜಿ ಇಲ್ಲದ ಸಿರಿಂಜ್ ಇಟ್ಟುಕೊಳ್ಳಿ. ಐಬುಪ್ರೊಫೆನ್ ಸಿರಪ್ ಸಾಮಾನ್ಯವಾಗಿ 5 ಎಂಎಲ್‌ಗೆ 100 ಮಿ.ಗ್ರಾಂ, 16 ಕೆಜಿ ಮಗುವಿಗೆ 160 ಮಿ.ಗ್ರಾಂ, ಅಂದರೆ 8 ಎಂಎಲ್. ಅದನ್ನು ಸ್ವಲ್ಪ ಏನಾದರೂ ಕುಡಿಸಿದ ಮೇಲೆ ಕೊಡಿ.

ಎರಡನ್ನೂ ಕೊಡಬಹುದೇ? ಕೊಡಬಹುದು, ಅವು ಬೇರೆಬೇರೆ ದಾರಿಯಲ್ಲಿ ಕೆಲಸ ಮಾಡುತ್ತವೆ. ಉದಾಹರಣೆಗೆ ಪ್ಯಾರಸಿಟಮಾಲ್ ಬೆಳಗ್ಗೆ 6, ಮಧ್ಯಾಹ್ನ 12, ಸಂಜೆ 6, ರಾತ್ರಿ 12. ಐಬುಪ್ರೊಫೆನ್ ಬೆಳಗ್ಗೆ 6, ಮಧ್ಯಾಹ್ನ 2, ರಾತ್ರಿ 10. ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಕೊಟ್ಟವರು ಗುರುತು ಹಾಕಬೇಕು. ಅಮ್ಮ ಕೊಟ್ಟಿದ್ದು ಗೊತ್ತಿಲ್ಲದೆ ಅಜ್ಜಿ ಮತ್ತೆ ಕೊಡುವುದು ತಪ್ಪುತ್ತದೆ. ಐಬುಪ್ರೊಫೆನ್ ಕೊಟ್ಟರೆ ರಕ್ತ ಬರುತ್ತದೆ ಅನ್ನುವ ಹಳೇ ಭಯ ಇನ್ನೂ ಇದೆ. ಈಗಿನ ಮಾರ್ಗಸೂಚಿ ಅದನ್ನು ಪ್ಯಾರಸಿಟಮಾಲ್ ಜೊತೆ ಮಕ್ಕಳಿಗೆ ಶಿಫಾರಸು ಮಾಡುತ್ತದೆ. ಆದರೆ ಆಸ್ತಮಾ, ಕಿಡ್ನಿ ತೊಂದರೆ, ರಕ್ತ ಹೆಪ್ಪುಗಟ್ಟದ ಕಾಯಿಲೆ ಇರುವ ಮಗುವಿಗೆ ನಿಮ್ಮ ಡಾಕ್ಟರನ್ನು ಕೇಳದೆ ಕೊಡಬೇಡಿ. ಮಗು ಏನೂ ಕುಡಿಯದೆ ಮೂತ್ರ ಕಡಿಮೆಯಾಗಿದ್ದರೂ ಐಬುಪ್ರೊಫೆನ್ ನಿಲ್ಲಿಸಿ ಫೋನ್ ಮಾಡಿ, ನೀರಿಲ್ಲದ ಮೈಯಲ್ಲಿ ಅದು ಕಿಡ್ನಿಗೆ ಭಾರ.

ನಮ್ಮಲ್ಲಿ ಒಂದು ವಿಶೇಷ ತೊಡಕಿದೆ: ಕಾಂಬಿನೇಷನ್ ಸಿರಪ್. ಐಬುಪ್ರೊಫೆನ್ ಮತ್ತು ಪ್ಯಾರಸಿಟಮಾಲ್ ಎರಡೂ ಸೇರಿದ್ದು, ಮೆಫೆನಮಿಕ್ ಆ್ಯಸಿಡ್ ಮತ್ತು ಪ್ಯಾರಸಿಟಮಾಲ್ ಸೇರಿದ್ದು ಅಂಗಡಿಯಲ್ಲಿ ಧಾರಾಳವಾಗಿ ಸಿಗುತ್ತವೆ. "ಜ್ವರಕ್ಕೆ ಇದು, ನೋವಿಗೆ ಅದು" ಅಂತ ಎರಡು ಬಾಟಲಿ ಕೊಟ್ಟಿರುತ್ತಾರೆ, ಎರಡರಲ್ಲೂ ಪ್ಯಾರಸಿಟಮಾಲ್ ಇರುತ್ತದೆ. ಸಣ್ಣ ಅಕ್ಷರದ ಹೆಸರು ಓದದೆ ಎರಡನ್ನೂ ಕೊಡಬೇಡಿ. ಮೆಫೆನಮಿಕ್ ಆ್ಯಸಿಡ್ ಐಬುಪ್ರೊಫೆನ್ ಜಾತಿಯದೇ, ಅವೆರಡನ್ನೂ ಒಟ್ಟಿಗೆ ಕೊಡುವ ಹಾಗಿಲ್ಲ. ಆಸ್ಪಿರಿನ್ ಮಕ್ಕಳಿಗೆ ಬೇಡವೇ ಬೇಡ. ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಭಾರತದಲ್ಲಿ 2011ರಲ್ಲೇ ನಿಷೇಧಿಸಿದ್ದಾರೆ; ಮನೆಯ ಡಬ್ಬಿಯಲ್ಲಿ ದೊಡ್ಡವರ ಮಾತ್ರೆ ಇದ್ದರೆ ಅರ್ಧ ಮುರಿದು ಕೊಡುವ ಸಾಹಸ ಮಾಡಬೇಡಿ. ಕೋಡಿನ್ ಇರುವ ಕೆಮ್ಮಿನ ಸಿರಪ್ಪಂತೂ ಹತ್ತಿರ ಸುಳಿಯಬಾರದು. ಕೆಲವು ಮಕ್ಕಳ ಲಿವರ್ ಕೋಡಿನ್ನನ್ನು ಬಹಳ ಬೇಗ ಮಾರ್ಫಿನ್ ಆಗಿ ಮಾರ್ಪಡಿಸುತ್ತದೆ, ಮಗು ನಿದ್ದೆಯಲ್ಲೇ ಉಸಿರು ನಿಧಾನಿಸುತ್ತದೆ. ಅಂಥ ಸಾವುಗಳಾದ ಮೇಲೆಯೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2013ರಲ್ಲಿ ಟಾನ್ಸಿಲ್ ಆಪರೇಷನ್ ಆದ ಮಕ್ಕಳಿಗೆ ಕೋಡಿನ್ ಕೊಡಕೂಡದು ಎಂದು ಎಚ್ಚರಿಸಿತು, 2017ರಲ್ಲಿ ಅದೇ ಬಗೆಯ ನೋವಿನ ಔಷಧಿಯಾದ ಟ್ರಮಡಾಲ್ ಅನ್ನೂ ಸೇರಿಸಿತು.

ಮಗು ಬಾಯಿ ಬಿಗಿಹಿಡಿದು ಸಿರಪ್ ಉಗುಳಿದರೆ? ಮೊದಲು ಒಂದು ಚೂರು ಐಸ್ ಚೀಪಲು ಕೊಡಿ, ನಾಲಿಗೆ ಜೋಮು ಹಿಡಿಯುತ್ತದೆ. ಸಿರಿಂಜನ್ನು ಗಂಟಲಿನ ಕಡೆ ಗುರಿಯಿಡದೆ ಕೆನ್ನೆಯ ಒಳಬದಿಗೆ ಇಟ್ಟು ಒಂದೊಂದು ಎಂಎಲ್ ಬಿಡಿ. ಹಾಗೂ ಆಗದಿದ್ದರೆ ಗುದದ್ವಾರದಲ್ಲಿ ಇಡುವ ಪ್ಯಾರಸಿಟಮಾಲ್ ಸಪೊಸಿಟರಿ ಸಿಗುತ್ತದೆ, 80, 170, 250 ಮಿ.ಗ್ರಾಂನಲ್ಲಿ. ಯಾವುದು ಅಂತ ಡಿಸ್ಚಾರ್ಜಿಗೆ ಮುಂಚೆಯೇ ಬರೆಸಿಕೊಂಡು ಎರಡು ಮೂರು ತಂದು ಫ್ರಿಜ್ಜಿನಲ್ಲಿಡಿ. ಮಧ್ಯರಾತ್ರಿ ಎಬ್ಬಿಸಿ ಔಷಧಿ ಕೊಡಬೇಕೇ ಅಂತ ಒಬ್ಬರು ಕೇಳಿದರು. ಮೊದಲ ಮೂರು ನಾಲ್ಕು ರಾತ್ರಿ ಎಬ್ಬಿಸಿ ಕೊಡುವುದೇ ಒಳ್ಳೆಯದು ಅನ್ನುವುದು ನಮ್ಮ ಅಭಿಪ್ರಾಯ. ಎಲ್ಲ ಡಾಕ್ಟರೂ ಇದನ್ನು ಒಪ್ಪುವುದಿಲ್ಲ. ರಾತ್ರಿಯಿಡೀ ಬಾಯಲ್ಲಿ ಉಸಿರಾಡಿ ಗಂಟಲು ಒಣಗಿರುವುದರಿಂದ ಬೆಳಗಿನ ಜಾವದ ನೋವೇ ದಿನದಲ್ಲೆಲ್ಲ ಹೆಚ್ಚಿನದು. ಎಬ್ಬಿಸಿದಾಗ ನಾಲ್ಕು ಗುಟುಕು ನೀರೂ ಒಳಗೆ ಹೋಗುತ್ತದೆ.

ಕಿವಿನೋವು ಅಂತ ಮಗು ಅತ್ತರೆ ಗಾಬರಿ ಬೇಡ. ಟಾನ್ಸಿಲ್ ಜಾಗಕ್ಕೂ ನಡುಕಿವಿಗೂ ಒಂದೇ ನರದ ಕವಲುಗಳು ಹೋಗುತ್ತವೆ. ಗಂಟಲಿನ ನೋವನ್ನು ಮೆದುಳು ಕಿವಿಯದೆಂದು ತಿಳಿಯುತ್ತದೆ. ಅದಕ್ಕೆ ಮದ್ದು ಅದೇ ನೋವಿನ ಸಿರಪ್. ಬೆಚ್ಚಗಿನ ಎಣ್ಣೆ, ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಕಿವಿಗೆ ಬಿಡಬೇಡಿ.

ಈಗ ಕುಡಿಯುವ ವಿಷಯ. ಊಟ ನಾಲ್ಕು ದಿನ ಕಡಿಮೆಯಾದರೆ ಏನೂ ಆಗುವುದಿಲ್ಲ, ನೀರು ಕಡಿಮೆಯಾಗಬಾರದು. ಮೊದಲ 10 ಕೆಜಿಗೆ ದಿನಕ್ಕೆ 1000 ಎಂಎಲ್, ಆಮೇಲಿನ ಪ್ರತಿ ಕೆಜಿಗೆ 50 ಎಂಎಲ್, 20 ಕೆಜಿವರೆಗೆ ಇದೇ ಲೆಕ್ಕ. ನಮ್ಮ 16 ಕೆಜಿ ಮಗುವಿಗೆ 1300 ಎಂಎಲ್. ಎಚ್ಚರವಿರುವ ಹದಿಮೂರು ಗಂಟೆಗೆ ಹಂಚಿದರೆ ಗಂಟೆಗೆ 100 ಎಂಎಲ್, ಅಂದರೆ ಅರ್ಧ ಲೋಟ. ಒಂದೇ ಸಲ ಲೋಟ ಹಿಡಿಸಿದರೆ ಮಗು ತಳ್ಳುತ್ತದೆ. ಹತ್ತು ನಿಮಿಷಕ್ಕೆ ಎರಡು ಮೂರು ಗುಟುಕು ಸುಲಭ. ಔಷಧಿ ಕೊಟ್ಟ ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ನೋವು ತಗ್ಗಿರುತ್ತದೆ, ಊಟ ಕುಡಿತ ಎಲ್ಲ ಆ ಹೊತ್ತಿಗೆ ಹೊಂದಿಸಿ. ನೀರು, ಎಳನೀರು, ತಣ್ಣಗಿನ ಹಾಲು, ನೀರು ಜಾಸ್ತಿ ಹಾಕಿದ ಹುಳಿಯಿಲ್ಲದ ಮಜ್ಜಿಗೆ, ತೆಳ್ಳಗಿನ ರಾಗಿ ಅಂಬಲಿ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಕಿತ್ತಳೆ, ಮೂಸಂಬಿ, ನಿಂಬೆ ಶರಬತ್ತು ಉರಿ ತರಿಸುತ್ತವೆ. ರೋಸ್ ಮಿಲ್ಕ್, ದಾಳಿಂಬೆ ರಸ, ಬೀಟ್‌ರೂಟ್ ಬೇಡ, ವಾಂತಿಯಾದರೆ ರಕ್ತವೋ ಬಣ್ಣವೋ ತಿಳಿಯುವುದಿಲ್ಲ.

ಸಾಕಾಗುತ್ತಿದೆಯೇ ಅಂತ ತಿಳಿಯಲು ಮೂತ್ರ ನೋಡಿ. ಆರೇಳು ಗಂಟೆಗೊಮ್ಮೆಯಾದರೂ ಆಗಬೇಕು, ತಿಳಿಯಾಗಿರಬೇಕು. ಎಚ್ಚರವಿರುವಾಗ ಎಂಟು ಗಂಟೆ ಕಾಲ ಮೂತ್ರ ಆಗದಿದ್ದರೆ ಫೋನ್ ಮಾಡಿ. ಹನ್ನೆರಡು ಗಂಟೆ ಕಾಲ ಆಗಿಲ್ಲದಿದ್ದರೆ, ಅಥವಾ ಅಳುವಾಗ ಕಣ್ಣೀರಿಲ್ಲ, ತುಟಿ ಒಣಗಿದೆ, ಮಗು ಮಂಕಾಗಿದೆ ಅಂದರೆ ಆಸ್ಪತ್ರೆಗೆ ಬನ್ನಿ.

ಐಸ್‌ಕ್ರೀಮ್ ಬಗ್ಗೆ ಪ್ರತಿ ಮನೆಯಲ್ಲೂ ಜಗಳ. ಅಜ್ಜಿಯರಿಗೆ ಒಂದು ಮಾತು: ತಣ್ಣಗಿನದರಿಂದ ಈ ಗಾಯಕ್ಕೆ ಶೀತ ಆಗುವುದಿಲ್ಲ. ನೋವು ಮರಗಟ್ಟುತ್ತದೆ, ಮಗು ನುಂಗುತ್ತದೆ, ಅದೇ ಲಾಭ. ಹಾಗಂತ ಐಸ್‌ಕ್ರೀಮ್ ಕಡ್ಡಾಯವೇನಲ್ಲ. ಕೆಲವು ಮಕ್ಕಳಿಗೆ ಉಗುರು ಬೆಚ್ಚಗಿನದೇ ಹಿತ. ಬೇಡವಾದದ್ದು ಸುಡುವ ಬಿಸಿ, ಖಾರ, ಹುಳಿ. ಮೆಣಸಿನ ಕಷಾಯ, ಶುಂಠಿ ಕಷಾಯ ಎರಡು ವಾರ ಪಕ್ಕಕ್ಕಿಡಿ. ಊಟಕ್ಕೆ ಮೊಸರನ್ನ, ಹಾಲನ್ನ, ತುಪ್ಪ ಹಾಕಿದ ಹೆಸರುಬೇಳೆ ತೊವ್ವೆ ಅನ್ನ, ಖಾರವಿಲ್ಲದ ಪೊಂಗಲ್, ಹಾಲಿನಲ್ಲಿ ನೆನೆಸಿದ ಇಡ್ಲಿ, ಮೊಸರವಲಕ್ಕಿ, ಬಾಳೆಹಣ್ಣು, ಶ್ಯಾವಿಗೆ ಪಾಯಸ. ಮಾರ್ಗಸೂಚಿಗಳು ಕಟ್ಟುನಿಟ್ಟಿನ ಪಥ್ಯ ಹೇಳುವುದಿಲ್ಲ, ಮಗು ತಿನ್ನಲು ಒಪ್ಪಿದ್ದನ್ನು ಕೊಡಿ ಅನ್ನುತ್ತವೆ. ನಾವು ಮಾತ್ರ ಚಕ್ಕುಲಿ, ನಿಪ್ಪಟ್ಟು, ಚಿಪ್ಸ್, ಗರಿಗರಿ ದೋಸೆಯ ಅಂಚು, ಒಣ ರಸ್ಕ್ ಇವನ್ನು ಎರಡು ವಾರ ಬೇಡ ಅನ್ನುತ್ತೇವೆ, ಚೂಪಾದ ಅಂಚು ಗೀರಿದರೆ ನೋವು ಗ್ಯಾರಂಟಿ. ಮೆತ್ತಗಿನದ್ದಾದರೂ ಅಗಿದು ತಿನ್ನಲಿ, ದವಡೆ ಬಿಗಿಯುವುದಿಲ್ಲ. ಒಂದು ವರ್ಷ ದಾಟಿದ ಮಗುವಿಗೆ ಚಮಚ ಜೇನು ಕೊಡಬಹುದು. ಸಣ್ಣ ಅಧ್ಯಯನಗಳಲ್ಲಿ ನೋವು ಸ್ವಲ್ಪ ತಗ್ಗಿದ್ದು ಕಂಡಿದೆ, ಔಷಧಿಯ ಬದಲಿಗೆ ಅಲ್ಲ.

ಮೊದಲ ದಿನ ಒಂದೆರಡು ಬಾರಿ ಕಂದು ಬಣ್ಣದ ವಾಂತಿ ಆಗಬಹುದು, ಆಪರೇಷನ್ ವೇಳೆ ನುಂಗಿದ ಹಳೇ ರಕ್ತ. ಮೊದಲ ಮೂರು ದಿನ 101 ಡಿಗ್ರಿ ಫ್ಯಾರನ್‌ಹೀಟ್‌ವರೆಗಿನ ಜ್ವರ ಸಾಮಾನ್ಯ, ಬಹಳ ಸಲ ನೀರು ಕಡಿಮೆಯಾಗಿಯೇ ಬಂದಿರುತ್ತದೆ; 102 ದಾಟಿದರೆ ಹೇಳಿ. ಕಿರುನಾಲಿಗೆ ಊದಿರುತ್ತದೆ. ಅದಕ್ಕೇ ಗೊರಕೆ ಒಂದೆರಡು ವಾರ ಮುಂದುವರಿಯುತ್ತದೆ, "ಆಪರೇಷನ್ ಮಾಡಿಸಿದ್ದೇ ದಂಡ" ಅನ್ನಬೇಡಿ. ಅಡಿನಾಯ್ಡ್ (ಮೂಗಿನ ಹಿಂಭಾಗದಲ್ಲಿರುವ, ಟಾನ್ಸಿಲ್‌ನಂಥದೇ ಗಡ್ಡೆ) ಕೂಡ ತೆಗೆದಿದ್ದರೆ ಧ್ವನಿ ಮೂಗಿನಲ್ಲಿ ಬಂದಂತಾಗಬಹುದು, ಕುಡಿದ ನೀರು ಮೂಗಿನಿಂದ ತುಸು ಬರಬಹುದು; ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಆದರೆ ಕುತ್ತಿಗೆ ಒಂದು ಬದಿಗೆ ವಾಲಿ ತಿರುಗಿಸಲಾಗದೆ ನೋವಿದ್ದರೆ ತೋರಿಸಿ, ಅಪರೂಪಕ್ಕೆ ಕುತ್ತಿಗೆಯ ಮೇಲಿನ ಎರಡು ಮೂಳೆಗಳು ಜರುಗಿರುತ್ತವೆ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆಗಾಗಿ ಆಪರೇಷನ್ ಆದ ಮಕ್ಕಳು, ಅದರಲ್ಲೂ ಮೂರು ವರ್ಷದೊಳಗಿನವರು, ತೂಕ ಹೆಚ್ಚಿರುವವರು, ಡೌನ್ ಸಿಂಡ್ರೋಮ್ ಇರುವವರು ಮೊದಲ ರಾತ್ರಿ ಆಸ್ಪತ್ರೆಯಲ್ಲೇ ಇರಬೇಕು. ಮನೆಗೆ ಕಳಿಸಿ ಅಂತ ಹಟ ಮಾಡಬೇಡಿ.

ರಕ್ತಸ್ರಾವಕ್ಕೆ ಬರೋಣ. ಮೊದಲ 24 ಗಂಟೆಯದು ಒಂದು ಬಗೆ, ಆಗ ಮಗು ಸಾಮಾನ್ಯವಾಗಿ ಆಸ್ಪತ್ರೆಯ ಸುತ್ತಮುತ್ತಲೇ ಇರುತ್ತದೆ. ಹಕ್ಕಳೆ ಕಳಚುವಾಗಿನದು ಇನ್ನೊಂದು, ಆಗ ಮಗು ಮನೆಯಲ್ಲಿರುತ್ತದೆ. ಈ ಎರಡನೆಯದು ಆಗುವುದು ನೂರರಲ್ಲಿ ಸುಮಾರು ಮೂವರಿಗೆ ಅಥವಾ ಅದಕ್ಕಿಂತ ಕಡಿಮೆ. ಕಡಿಮೆಯೇ, ಆದರೂ ತಯಾರಿ ಬೇಕು, ಯಾಕೆಂದರೆ 16 ಕೆಜಿ ಮಗುವಿನ ಮೈಯಲ್ಲಿ ಇರುವ ರಕ್ತವೇ ಸುಮಾರು ಒಂದೂಕಾಲು ಲೀಟರ್. ಟಾನ್ಸಿಲ್ಲನ್ನು ಕವಚ ಉಳಿಸಿಕೊಂಡು ಒಳಗಿನದನ್ನಷ್ಟೇ ಕರಗಿಸಿ ತೆಗೆಯುವ ವಿಧಾನದಲ್ಲಿ ನೋವೂ ರಕ್ತಸ್ರಾವವೂ ಕಡಿಮೆ, ಮತ್ತೆ ಬೆಳೆಯುವ ಸಾಧ್ಯತೆ ತುಸು ಇದೆ. ನಿಮ್ಮ ಮಗುವಿಗೆ ಯಾವುದು ಅಂತ ಕೇಳಿಟ್ಟುಕೊಳ್ಳಿ.

ಮೊದಲ ದಿನ ಎಂಜಲಿನಲ್ಲಿ ತೆಳು ಗುಲಾಬಿ ಎಳೆ ಕಂಡರೆ ಪರವಾಗಿಲ್ಲ. ಆಮೇಲೆ ಯಾವತ್ತೇ ಹೊಸ ಕೆಂಪು ರಕ್ತ ಬಂದರೂ ಆಸ್ಪತ್ರೆಗೆ ಹೊರಡಿ. "ಒಂದು ಚಮಚ ಬಂತು, ಆಮೇಲೆ ನಿಂತುಹೋಯ್ತು" ಅಂದರೂ ಹೊರಡಬೇಕು. ದೊಡ್ಡ ರಕ್ತಸ್ರಾವಕ್ಕೆ ಮುಂಚೆ ಸಣ್ಣದೊಂದು ಬಂದು ನಿಲ್ಲುವುದು ಉಂಟು. ಚಿಕ್ಕ ಮಕ್ಕಳು ರಕ್ತ ಉಗುಳುವುದಿಲ್ಲ, ನುಂಗುತ್ತಾರೆ. ನಿದ್ದೆಯಲ್ಲಿ ಮತ್ತೆಮತ್ತೆ ಗುಟುಕರಿಸುವ ಸದ್ದು, ದಿಂಬಿನ ಮೇಲೆ ಕಲೆ, ಬಿಳಿಚಿಕೊಂಡ ಮುಖ, ಇದ್ದಕ್ಕಿದ್ದಂತೆ ಕಾಫಿ ಬಣ್ಣದ ಅಥವಾ ಕೆಂಪು ವಾಂತಿ, ಇವು ಗುರುತು. ಐದರಿಂದ ಹತ್ತನೇ ರಾತ್ರಿವರೆಗೆ ದೊಡ್ಡವರೊಬ್ಬರು ಮಗುವಿನ ಕೋಣೆಯಲ್ಲೇ ಮಲಗಿ.

ರಕ್ತ ಬಂದರೆ ಮಗುವನ್ನು ಕೂರಿಸಿ, ಮುಂದಕ್ಕೆ ಬಾಗಿಸಿ, ಬಟ್ಟಲಿಗೆ ಉಗುಳಿಸಿ. ಅಂಗಾತ ಮಲಗಿಸಬೇಡಿ, ಮಂಕಾಗಿದ್ದರೆ ಮಗ್ಗುಲಿಗೆ ಮಲಗಿಸಿ. ಮತ್ತೆ ಅರಿವಳಿಕೆ ಕೊಡಬೇಕಾಗಬಹುದು, ಹಾಗಾಗಿ ತಿನ್ನಲು ಕುಡಿಯಲು ಏನೂ ಬೇಡ. ಬಾಯಿಯೊಳಗೆ ಹತ್ತಿ ತುರುಕಬೇಡಿ. ರಕ್ತ ಜೋರಾಗಿದ್ದರೆ 108. ಇಲ್ಲವಾದರೆ ಕಾರೋ ಕ್ಯಾಬೋ, ಒಬ್ಬರು ಹಿಂದೆ ಮಗುವಿನ ಜೊತೆ. ಸ್ಕೂಟರಿನಲ್ಲಿ ನಡುವೆ ಕೂರಿಸಿಕೊಂಡು ಹೋಗಬೇಡಿ. ಬೀದಿ ಮೂಲೆಯ ಕ್ಲಿನಿಕ್ಕಿಗೆ ಹೋಗಿ ಅರ್ಧ ಗಂಟೆ ಕಳೆಯುವುದಕ್ಕಿಂತ ನೇರವಾಗಿ ಇಎನ್‌ಟಿ ಸರ್ಜನ್, ಅರಿವಳಿಕೆ ತಜ್ಞರು, ಥಿಯೇಟರ್ ಮೂರೂ ರಾತ್ರಿಯಲ್ಲೂ ಸಿಗುವ ಕಡೆ ಹೋಗಿ. ಆಪರೇಷನ್ ಆದ ಆಸ್ಪತ್ರೆಯಲ್ಲಿ ಈ ವ್ಯವಸ್ಥೆ ಇಲ್ಲದೆಯೂ ಇರಬಹುದು, ಆಪರೇಷನ್ ಮಾಡಿ ಅದೇ ದಿನ ಮನೆಗೆ ಕಳಿಸುವ ಡೇ ಕೇರ್ ಸೆಂಟರುಗಳಲ್ಲಿ ಬಹಳ ಕಡೆ ಇರುವುದಿಲ್ಲ. ಡಿಸ್ಚಾರ್ಜ್ ಆಗುವಾಗ ಕೇಳಲೇಬೇಕಾದ ಪ್ರಶ್ನೆ ಇದು: "ರಾತ್ರಿ ಎರಡು ಗಂಟೆಗೆ ರಕ್ತ ಬಂದರೆ ಎಲ್ಲಿಗೆ ಕರೆದುಕೊಂಡು ಬರಬೇಕು?" ವೈಟ್‌ಫೀಲ್ಡಿನಲ್ಲಿ ಮನೆ, ರಾಜಾಜಿನಗರದಲ್ಲಿ ಆಪರೇಷನ್ ಆಗಿದ್ದರೆ ಸಂಜೆ ಏಳಕ್ಕೆ ಆ ದಾರಿ ಎಷ್ಟು ಹೊತ್ತು ಅಂತ ನಿಮಗೇ ಗೊತ್ತು. ಮನೆಗೆ ಹತ್ತಿರದ ಇನ್ನೊಂದು ಆಸ್ಪತ್ರೆಯನ್ನೂ ಮೊದಲೇ ವಿಚಾರಿಸಿಟ್ಟುಕೊಳ್ಳಿ, ಡಿಸ್ಚಾರ್ಜ್ ಚೀಟಿಯ ಫೋಟೋ ಮನೆಯವರೆಲ್ಲರ ಮೊಬೈಲಿನಲ್ಲಿರಲಿ.

ಕೊನೆಯ ಪ್ರಶ್ನೆ ಸ್ಕೂಲಿನದು. ರಾತ್ರಿ ನೆಮ್ಮದಿಯಾಗಿ ಮಲಗುತ್ತಿದ್ದು, ಔಷಧಿಯಿಲ್ಲದೆ ಎಂದಿನಂತೆ ಉಣ್ಣುತ್ತಿದ್ದರೆ ಹತ್ತು ದಿನದ ನಂತರ ಕಳಿಸಬಹುದು. ನೆಗಡಿ ಕೆಮ್ಮು ಹರಡಿರುವ ಕಾಲವಾದರೆ ಎರಡು ವಾರ ಕಾಯಿರಿ. ಪಿಟಿ, ಈಜು, ಸೈಕಲ್, ಕರಾಟೆ ಎರಡು ವಾರ ಬೇಡ ಅಂತ ಕ್ಲಾಸ್ ಟೀಚರಿಗೆ ಬರೆದುಕೊಡಿ. ಡಬ್ಬಿಗೆ ಹಾಕಿದ್ದನ್ನೇ ಮಗು ತಿನ್ನುತ್ತದೆ ಅನ್ನುವ ಭರವಸೆ ಬೇಡ, ಪಕ್ಕದವರ ಡಬ್ಬಿಯ ಚಿಪ್ಸ್ ವಿಷಯವನ್ನೂ ಅದರಲ್ಲೇ ಬರೆಯಿರಿ.